ಅಪ್ಪನ ಎಕ್ಸ್‌ರೇ ಪ್ಲೇಟು

ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ಹೋದ ವಾರ ನಮ್ಮ ಹುಡುಗನೊಬ್ಬ ಫೋನ್ ಮಾಡಿದ್ದ. ಜಲ್ಲಿ ಕ್ರಷರ್‌ನಲ್ಲಿ ಹನ್ನೊಂದು ವರ್ಷ ದುಡಿದವನು, ಇನ್ನೂ ಮೂವತ್ನಾಲ್ಕು ವಯಸ್ಸು. "ಅಣ್ಣಾ, ಅಂಗವಿಕಲರ ಕಾರ್ಡಿಗೆ ಹೋಗಿದ್ದೆ. ಕೈ ಎತ್ತು ಅಂದ್ರು, ಎತ್ತಿದೆ. ನಡಿ ಅಂದ್ರು, ನಡೆದೆ. ನಿಂಗೇನಾಗೈತಪ್ಪ, ಕೈಕಾಲು ನೆಟ್ಟಗವೆ ಅಂತ ಕಳಿಸಿಬಿಟ್ರು." ಇಷ್ಟು ಹೇಳೋದ್ರೊಳಗೆ ಎರಡು ಸಲ ಮಾತು ನಿಲ್ಲಿಸಿ ಉಸಿರು ಎಳೆದುಕೊಂಡ. ಆ ಸದ್ದು ನನಗೆ ಗೊತ್ತು. ಆ ಸದ್ದು ಕೇಳ್ತಾನೇ ನಾನು ಬೆಳೆದಿದ್ದು.

ನಮ್ಮಪ್ಪ ಇಪ್ಪತ್ತೆರಡು ವರ್ಷ ಕಲ್ಲು ಕ್ವಾರಿಯಲ್ಲಿದ್ದ. ಮೊದಮೊದಲು ಉಳಿ ಸುತ್ತಿಗೆ, ಆಮೇಲೆ ಕಂಪ್ರೆಸರ್ ಬಂತು, ಜಾಕ್‌ಹ್ಯಾಮರ್ ಬಂತು. ಕೂಲಿ ಜಾಸ್ತಿ ಆಯ್ತು ಅಂತ ಅಮ್ಮ ಖುಷಿಪಟ್ಟಳು. ಸಂಜೆ ಮನೆಗೆ ಬಂದ್ರೆ ಹುಬ್ಬು, ರೆಪ್ಪೆ ಎಲ್ಲಾ ಬಿಳೀ. ನಲವತ್ತು ದಾಟುವಷ್ಟರಲ್ಲಿ ಅಪ್ಪನಿಂದ ಕೆಲಸ ಆಗದ ಹಾಗಾಯ್ತು. ಆದ್ರೆ ನೋಡೋಕೆ ಆಳು ಹೇಗಿದ್ದ ಅಂತೀರಾ! ಎತ್ತರ, ಅಗಲವಾದ ಎದೆ. ಮೇಲುಕೇರಿಯವರು ಜಗಲಿ ಮೇಲಿಂದ, "ಇಷ್ಟು ಗಟ್ಟಿಮುಟ್ಟಾಗವ್ನೆ, ಮೈಗಳ್ಳ, ಇವರ ಜಾತಿನೇ ಅಷ್ಟು" ಅನ್ನೋರು. ನಮ್ಮ ಕೇರಿಯವರೇನು ಕಮ್ಮಿ? ಹೆಂಡತಿ ದುಡಿಮೇಲಿ ಕೂತು ತಿಂತಾನೆ ಅಂದ್ರು. ಹನ್ನೆರಡು ವರ್ಷದ ನಾನೂ ಒಳಗೊಳಗೆ ಅದನ್ನೇ ಅಂದ್ಕೊಂಡಿದ್ದೆ. ಇದನ್ನ ಬರೆಯೋಕೆ ನನಗೆ ಇಷ್ಟು ವರ್ಷ ಬೇಕಾಯ್ತು.

ಅಪ್ಪ ದಾರಿಯಲ್ಲಿ ಪದೇಪದೇ ನಿಂತು ಚಪ್ಪಲಿ ಸರಿಮಾಡ್ಕೊತಿದ್ದ. ಎದುರಿಗೆ ಯಾರೇ ಬರಲಿ, ಬೇಕೋ ಬೇಡವೋ, ನಿಂತು ಮಳೆ ಬೆಳೆ ವಿಚಾರಿಸ್ತಿದ್ದ. ಮಾತುಗಾರ ಅಂತ ಹೆಸರಾಗಿತ್ತು. ಅದು ಉಸಿರು ತಿರುಗಿಸ್ಕೊಳ್ಳೋಕೆ ಕಂಡುಕೊಂಡ ಉಪಾಯ ಅಂತ ನನಗೆ ತಿಳಿದದ್ದು ಅವನು ಹೋದ ಮೇಲೆ.

ಮೂರು ಸಲ ಟಿಬಿ ಮಾತ್ರೆ ಕೊಟ್ಟರು. ಕಫದಲ್ಲಿ ಒಂದು ಸಲವೂ ಕ್ರಿಮಿ ಸಿಗಲಿಲ್ಲ, ಆದರೂ ಕೊಟ್ಟರು. ಇದೆಲ್ಲ ನಡೆದದ್ದು 1990ರ ದಶಕದಲ್ಲಿ. ಕೊನೆಗೆ ಬೆಂಗಳೂರಿನ ಡಾಕ್ಟರೊಬ್ಬರು "ಕಲ್ಲು ಒಡೀತಿದ್ರಾ?" ಅಂತ ಕೇಳಿದಾಗಲೇ ಸಿಲಿಕೋಸಿಸ್ ಅನ್ನೋ ಹೆಸರು ನಮ್ಮ ಮನೆಗೆ ಬಂದಿದ್ದು.

ಈಗ ಚರಿತ್ರೆಗೆ ಬರ್ತೀನಿ. ನಮ್ಮೂರಿಂದ ಒಂದು ಬಸ್ ಹತ್ತಿದರೆ ಕೆಜಿಎಫ್. ನಮ್ಮಪ್ಪನಿಗೆ ಯಾರೂ ಹೇಳದ ಆ ರೋಗ, ಅಲ್ಲಿ ಅವನು ಹುಟ್ಟೋ ಮೊದಲೇ ಗೊತ್ತಿತ್ತು.

1880ರ ಹೊತ್ತಿಗೆ ಜಾನ್ ಟೇಲರ್ ಕಂಪನಿ ಕೋಲಾರದ ಚಿನ್ನಕ್ಕೆ ಕೈಹಾಕಿತು. ಭೂಮಿಯೊಳಕ್ಕೆ ಇಳಿದವರು ಯಾರು? ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಬಂದವರು, ಬಹುಪಾಲು ಆದಿದ್ರಾವಿಡರು, ಅಂದ್ರೆ ನಮ್ಮವರು. ಹಳ್ಳಿಯ ಜೀತಕ್ಕಿಂತ ಗಣಿಯ ಕತ್ತಲೆಯೇ ವಾಸಿ ಅಂತ ಬಂದವರು. ಅಯೋತಿದಾಸ ಪಂಡಿತರ ಬೌದ್ಧ ಚಳವಳಿ ಮಾರಿಕುಪ್ಪಂನಲ್ಲಿ ಬೇರೂರಿದ್ದು ಇವರ ನಡುವೆಯೇ. 1902ರಲ್ಲಿ ಶಿವನಸಮುದ್ರದ ಕರೆಂಟು ಬೆಂಗಳೂರಿಗಿಂತ ಮೊದಲು ಕೆಜಿಎಫ್‌ಗೆ ಬಂತು ಅಂತ ಎಲ್ಲರೂ ಹೆಮ್ಮೆಯಿಂದ ಹೇಳ್ತಾರೆ. ಬಂದಿದ್ದು ಮೊದಲು ಗಣಿ ಯಂತ್ರಗಳಿಗೆ ಅನ್ನೋದನ್ನ ಮಾತ್ರ ಅದರ ಜೊತೆ ಸೇರಿಸಲ್ಲ.

ಕೋಲಾರದ ಚಿನ್ನ ಇರೋದು ಬೆಣಚುಕಲ್ಲಿನ ಎಳೆಗಳಲ್ಲಿ. ಅದನ್ನ ಕೊರೆದರೆ, ಸಿಡಿಸಿದರೆ ಎದ್ದೇಳೋದು ಸಿಲಿಕಾ ಧೂಳು. ಕಣ್ಣಿಗೆ ಕಾಣೋ ಧೂಳು ಮೂಗು ಗಂಟಲಲ್ಲೇ ನಿಂತುಬಿಡುತ್ತೆ, ಉಗುಳಿದರೆ ಹೋಗುತ್ತೆ. ಕೊಲ್ಲೋದು ಕಾಣದ ಧೂಳು. ತಲೆಗೂದಲ ದಪ್ಪದ ಹತ್ತರಲ್ಲಿ ಒಂದು ಪಾಲಿಗಿಂತ ಸಣ್ಣ ಕಣ ಶ್ವಾಸಕೋಶದ ತಳದವರೆಗೆ ಇಳಿಯುತ್ತೆ. ದೇಹ ಅದನ್ನ ಕರಗಿಸೋಕೆ ಹೋಗಿ ಸೋಲುತ್ತೆ, ಸೋತ ಜಾಗದಲ್ಲೆಲ್ಲ ಗಾಯದ ಕಲೆ ಕಟ್ಟುತ್ತೆ. ಹತ್ತು, ಇಪ್ಪತ್ತು ವರ್ಷ ಏನೂ ಗೊತ್ತಾಗದೇ ಇರಬಹುದು. ಕೆಲಸ ಬಿಟ್ಟ ಮೇಲೂ ಅದು ಬೆಳೀತಾನೇ ಇರುತ್ತೆ. ಕಲೆಯನ್ನ ಅಳಿಸೋ ಔಷಧಿ ಇಲ್ಲ. ಅದರ ಮೇಲೆ ಟಿಬಿ ಬೇಗ ಹತ್ತಿಕೊಳ್ಳುತ್ತೆ, ಆದ್ದರಿಂದ ಎಲ್ಲಾ ಟಿಬಿ ಲೆಕ್ಕಕ್ಕೇ ಹೋಗುತ್ತೆ.

ಕಂಪನಿಗೆ ಕಾರ್ಮಿಕನ ಮೈ ಚೆನ್ನಾಗಿ ಗೊತ್ತಿತ್ತು. ಚಿನ್ನದ ಚೂರು ಕದ್ದೊಯ್ತಾರೆ ಅಂತ ಗೇಟಿನಲ್ಲಿ ಮೈ ತಡವಿ ನೋಡೋರು. 1930ರಲ್ಲಿ ಎಲ್ಲರ ಬೆರಳಚ್ಚು ತಗೋತೀವಿ ಅಂದಾಗ ಸಾವಿರಾರು ಜನ, ನಾವೇನು ಕಳ್ಳರಾ ಅಂತ ಕೆಲಸ ನಿಲ್ಲಿಸಿ ಕೂತರು. ಅದೇ 1930ರ ಆಗಸ್ಟ್‌ನಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಜೋಹಾನ್ಸ್‌ಬರ್ಗ್‌ನಲ್ಲಿ ಸಿಲಿಕೋಸಿಸ್ ಬಗ್ಗೆಯೇ ಸಮ್ಮೇಳನ ಮಾಡಿತು. ಅಲ್ಲೂ ಚಿನ್ನದ ಗಣಿಗಳೇ, ಅದೇ ಬೆಣಚುಕಲ್ಲೇ. ಆ ದೇಶದಲ್ಲಿ ಕರಿಯರಿಗೆ ಒಂದು ಪರಿಹಾರ, ಬಿಳಿಯರಿಗೆ ಒಂದು, ಕಾನೂನಿನಲ್ಲೇ ಬರೆದಿಟ್ಟಿದ್ದರು. ರೋಗ ಏನು, ಯಾಕೆ ಬರುತ್ತೆ, ನೀರು ಹಾಯಿಸಿ ಕೊರೆದರೆ ಎಷ್ಟು ಧೂಳು ಕಡಿಮೆಯಾಗುತ್ತೆ, ಇದೆಲ್ಲ ಆಗಲೇ ಜಗತ್ತಿಗೆ ತಿಳಿದಿತ್ತು.

ಮೈಸೂರು ಸಂಸ್ಥಾನ 1940ರಲ್ಲಿ ಸಿಲಿಕೋಸಿಸ್‌ಗೆಂದೇ ನಿಯಮಗಳನ್ನ ತಂದಿತು. ಮುಂದಿನ ಆರು ವರ್ಷಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ಗಣಿ ಕಾರ್ಮಿಕರ ಪರೀಕ್ಷೆ ಆಯ್ತು. ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ರೋಗ! 1947ರಲ್ಲಿ ವೈದ್ಯರು ಅದನ್ನ ಪ್ರಕಟಿಸಿದರು. ನಲವತ್ತು ಅಂದ್ರೆ ಸುಮ್ಮನೆ ಅಲ್ಲ ಗೆಳೆಯರೇ. ಹತ್ತು ಜನ ಪಂಜರದಲ್ಲಿ ನಿಂತು ಕೆಳಗಿಳಿದರೆ ಅದರಲ್ಲಿ ನಾಲ್ವರ ಎದೆ ಕಲ್ಲಾಗ್ತಾ ಇದೆ. ಸಾಲುಮನೆಗಳಲ್ಲಿ ಅವರನ್ನೂ ಯಾರೋ ಮೈಗಳ್ಳ ಅಂದಿರಬೇಕು.

ಬಾಬಾಸಾಹೇಬರು ಆಗ ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದರು. 1943ರ ಡಿಸೆಂಬರಿನಲ್ಲಿ ಧನಬಾದ್‌ಗೆ ಹೋಗಿ ಕಲ್ಲಿದ್ದಲು ಗಣಿಯೊಳಗೆ ಖುದ್ದಾಗಿ ಇಳಿದು ನೋಡಿದವರು. ಕೋಲಾರ ಸಂಸ್ಥಾನದ ನೆಲ, ಅವರ ಇಲಾಖೆಯ ಅಧಿಕಾರ ಇಲ್ಲಿಗೆ ತಲುಪುತ್ತಿರಲಿಲ್ಲ.

ಗಣಿ 1956ರಲ್ಲಿ ಸರ್ಕಾರದ ಕೈಗೆ ಬಂತು, 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ನೂರಿಪ್ಪತ್ತು ವರ್ಷದಲ್ಲಿ 800 ಟನ್ ಚಿನ್ನ ಹೊರಬಂತು. ಆ ಧೂಳಿನ ಬಗ್ಗೆ ಗಳಿಸಿದ ತಿಳಿವಳಿಕೆ ಮಾತ್ರ ಪಕ್ಕದ ಕ್ವಾರಿಗಳಿಗೆ ಬರಲೇ ಇಲ್ಲ. ನಮ್ಮಪ್ಪ ನೀರಿಲ್ಲದೆ, ಬಾಯಿಗೆ ಟವೆಲ್ ಕಟ್ಟಿಕೊಂಡು ಕೊರೆದ. ಟವೆಲ್ ತಡೆಯೋದು ಕಾಣೋ ಧೂಳನ್ನ.

ಕಾನೂನು ಏನು ಹೇಳುತ್ತೆ ನೋಡಿ. ಕಾರ್ಮಿಕರ ಪರಿಹಾರದ ಕಾನೂನಿನ ಅನುಸೂಚಿಯಲ್ಲಿ ಸಿಲಿಕೋಸಿಸ್ ಇದೆ. ಆದರೆ ಹಾಜರಿ ಪುಸ್ತಕವೇ ಇಲ್ಲದ ಕ್ವಾರಿಯಲ್ಲಿ ದುಡಿದೆ ಅಂತ ತೋರಿಸೋದು ಹೇಗೆ? 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆ ಇತ್ತು, 2016ರಲ್ಲಿ ಇಪ್ಪತ್ತೊಂದಾಯ್ತು. ಸಿಕಲ್ ಸೆಲ್, ತಲಸ್ಸೇಮಿಯಾ, ಹಿಮೋಫಿಲಿಯಾದಂಥ ಹೊರಗೆ ಕಾಣದ ಕಾಯಿಲೆಗಳೂ ಸೇರಿದವು. ಒಳ್ಳೇದೇ ಆಯ್ತು, ಅದಕ್ಕಾಗಿ ಹೋರಾಡಿದವರಿಗೆ ಶರಣು. ಕಲ್ಲಾದ ಶ್ವಾಸಕೋಶ ಆ ಇಪ್ಪತ್ತೊಂದರಲ್ಲಿ ಇಲ್ಲ. ರಾಜಸ್ಥಾನ 2019ರಲ್ಲಿ ತನ್ನದೇ ನೀತಿ ತಂದು, ಪ್ರಮಾಣಪತ್ರ ಸಿಕ್ಕಾಗ 3 ಲಕ್ಷ, ಸತ್ತ ಮೇಲೆ ಕುಟುಂಬಕ್ಕೆ 2 ಲಕ್ಷ ಅಂತ ಮಾಡಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಕೋರ್ಟು ಗಣಿ ಕಂಪನಿಗಳ 500 ಕೋಟಿ ರ‍್ಯಾಂಡ್ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿತು. ಅಲ್ಲೆಲ್ಲ ಕೊಟ್ಟಿದ್ದು ಯಾರೂ ಪುಕ್ಕಟೆ ಕೊಟ್ಟಿದ್ದಲ್ಲ, ಜನ ಬೀದಿಗೂ ಕೋರ್ಟಿಗೂ ಅಲೆದು ತಗೊಂಡಿದ್ದು. ನಾವು ನಮ್ಮ ಸಭೆಗಳಲ್ಲಿ ಭೂಮಿ ಕೇಳಿದ್ದೀವಿ, ಮೀಸಲಾತಿ ಕೇಳಿದ್ದೀವಿ. ಈ ಉಸಿರಿನ ವಿಷಯ ಎಷ್ಟು ಸಲ ಎತ್ತಿದ್ದೀವಿ? ನಾನೂ ಎತ್ತಿಲ್ಲ.

ಬೆಂಗಳೂರಿನ ಆ ಡಾಕ್ಟರು ಇನ್ನೊಂದು ಮಾತು ಕೇಳಿದ್ದರು. "ಹಳೇ ಎಕ್ಸ್‌ರೇ ಪ್ಲೇಟು ಇದ್ರೆ ತನ್ನಿ, ಹೋಲಿಸಿ ನೋಡಬೇಕು." ಅಪ್ಪ ನನ್ನ ಮುಖ ನೋಡಿದ, ನಾನು ನೆಲ ನೋಡಿದೆ. 1995ರ ಅಕ್ಟೋಬರ್, ದೀಪಾವಳಿ ಹೊತ್ತಿನಲ್ಲಿ ಸೂರ್ಯಗ್ರಹಣ ಬಂದಿತ್ತಲ್ಲ, ಆವತ್ತು ಬೆಳಿಗ್ಗೆ ಟ್ರಂಕಿನಿಂದ ಅಪ್ಪನ ಪ್ಲೇಟು ತೆಗೆದು, ಕತ್ತರಿಯಲ್ಲಿ ನಾಲ್ಕು ತುಂಡು ಮಾಡಿ ಕೇರಿ ಹುಡುಗರಿಗೆಲ್ಲ ಹಂಚಿದ್ದೆ. ಅಪ್ಪ ಗೋಡೆಗೆ ಒರಗಿ ನಗ್ತಾ ಕೂತಿದ್ದ, "ನಂಗೂ ಒಂದು ಚೂರು ಕೊಡ್ರೋ" ಅಂದ. ಅವನ ಎದೆಯ ಮೂಲಕವೇ ನಾವೆಲ್ಲ ಸೂರ್ಯನ್ನ ನೋಡಿದ್ವಿ. ಹಾಗೆ ನೋಡಿದರೆ ಕಣ್ಣು ಹಾಳಾಗುತ್ತೆ ಅಂತಲೂ ಗೊತ್ತಿರಲಿಲ್ಲ. ಆ ಪ್ಲೇಟಿನಲ್ಲಿ ಬಿಳೀ ಚುಕ್ಕೆಗಳಿದ್ದವಾ? ನನಗೆ ನೆನಪಿಲ್ಲ. ಅಪ್ಪನ ಹೆಸರಿಗೆ ಯಾವ ಪರಿಹಾರವೂ ಬರಲಿಲ್ಲ, 2006ರಲ್ಲಿ ಹೋದ.

ಆ ಕ್ರಷರ್ ಹುಡುಗನ ಹತ್ತಿರ ಎರಡು ಪ್ಲೇಟು ಇವೆಯಂತೆ. ಸೋಮವಾರ ಅವನ ಜೊತೆ ನಾನೂ ಹೋಗ್ತಿದ್ದೀನಿ. ಕೋಲಾರ, ಕೆಜಿಎಫ್, ಚಿಕ್ಕಬಳ್ಳಾಪುರ ಕಡೆ ಯಾರ ಮನೆಯಲ್ಲಾದರೂ ಗಣಿ, ಕ್ವಾರಿ, ಕ್ರಷರ್‌ನಲ್ಲಿ ದುಡಿದವರ ಹಳೇ ಎಕ್ಸ್‌ರೇ ಇದ್ರೆ ಇನ್‌ಬಾಕ್ಸ್‌ಗೆ ಬನ್ನಿ. ಸುರುಳಿ ಸುತ್ತಿಟ್ಟಿದ್ರೆ ಬಿಚ್ಚಿ, ನಡುವೆ ಪೇಪರ್ ಹಾಕಿ, ಚಪ್ಪಟೆಯಾಗಿ ಟ್ರಂಕಿನ ತಳದಲ್ಲಿಡಿ. ತಾರೀಖು ಅಳಿಸಿಹೋಗಿದ್ರೆ ನೆನಪಿದ್ದಷ್ಟು ಕವರ್ ಮೇಲೆ ಬರೆದಿಡಿ.