ಸಮೋನ್ನತಿ ರೇಖೆ ಮತ್ತು ಸ್ಥಳನಾಮ: ಮಧುಗಿರಿ ಸೀಮೆಯ ನಕಾಶೆಯ ಓದು

ನಕಾಶೆಯಲ್ಲಿ ಸಮೋನ್ನತಿ ರೇಖೆಗಳು ಒತ್ತಾಗಿರುವಲ್ಲಿ ಇಳಿಜಾರು ಕಡಿದೆಂದು ನಾವು ತಿಳಿಯುತ್ತೇವೆ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಹಾಗೆಯೇ ಗುರುತಿಸುತ್ತೇವೆ. ಅದೇ ಹಾಳೆಯ ಹೆಸರುಗಳು ಅಷ್ಟು ಸುಲಭವಾಗಿ ಅರ್ಥ ಬಿಟ್ಟುಕೊಡುವುದಿಲ್ಲ. ರೇಖೆಯ ಆಧಾರ ಅಳತೆ, ಹೆಸರಿನ ಆಧಾರ ಕಿವಿ.

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೇಕ್ಷಣೆಯನ್ನು ಕೈಗೊಂಡನು. ಆಮೇಲಿನ ಶತಮಾನದಲ್ಲಿ ಇಲ್ಲಿನ ಊರ ಹೆಸರುಗಳು ರೋಮನ್ ಲಿಪಿಯಲ್ಲಿ ನೆಲೆಗೊಂಡವು. 1908ರ ಇಂಪೀರಿಯಲ್ ಗೆಜೆಟಿಯರಿನಲ್ಲಿ ಮಧುಗಿರಿಯು ‘ಮದ್ದಗಿರಿ’, ಪಾವಗಡವು ‘ಪಾವುಗಡ’. ಮೊದಲನೆಯದರಲ್ಲಿ ಮಹಾಪ್ರಾಣ ಅಳಿದು ದಕಾರವು ದ್ವಿತ್ವಗೊಂಡಿದೆ. ಮಹಾಪ್ರಾಣವನ್ನು ಸೂಚಿಸುವ ಕ್ರಮ ರೋಮನ್ ಬರಹದಲ್ಲಿ ಇದ್ದುದರಿಂದ, ಇದನ್ನು ಬರೆಹಗಾರನ ಪ್ರಮಾದವೆನ್ನುವುದಕ್ಕಿಂತ ಆಡುನುಡಿಯ ರೂಪವೆನ್ನುವುದು ಯುಕ್ತ. ಎರಡನೆಯದನ್ನು ‘ಹಾವಿನ ಬೆಟ್ಟ’ವೆಂದು ವಿವರಿಸುವ ರೂಢಿಯಿದೆ, ‘ಪಾವು’ ಹಳಗನ್ನಡದ ರೂಪ. ಪಕಾರವು ಹಕಾರವಾದ ಮೇಲೂ ಹೆಸರು ಹಳೆಯ ಧ್ವನಿಯನ್ನು ಉಳಿಸಿಕೊಂಡಿತೇ, ಅಥವಾ ನೆರೆಯ ತೆಲುಗಿನ ‘ಪಾಮು’ ಅದಕ್ಕೆ ಆಸರೆಯಾಯಿತೇ? ಹೆಸರೊಂದರಿಂದಲೇ ಇದನ್ನು ನಿರ್ಣಯಿಸಲಾಗದು.

ಆದ್ದರಿಂದ ಹಳೆಯ ನಕಾಶೆಗಳ ರೂಪಗಳನ್ನು ಇಂದಿನ ಅಧಿಕೃತ ಕಾಗುಣಿತಕ್ಕೆ ತಿದ್ದದೆ, ಸ್ಥಳೀಯ ಉಚ್ಚಾರಣೆಯೊಡನೆ ದಾಖಲಿಸಬೇಕೆಂಬುದು ನಮ್ಮ ಅಭಿಪ್ರಾಯ. ಒಂದೇ ರೂಪವನ್ನು ಉಳಿಸಿಕೊಂಡರೆ, ವ್ಯುತ್ಪತ್ತಿಯನ್ನು ಪರೀಕ್ಷಿಸುವ ಸಾಕ್ಷ್ಯವೇ ಇಲ್ಲವಾಗುತ್ತದೆ.