ವಿದ್ಯುತ್ತೂ ಮತಪೆಟ್ಟಿಗೆಯೂ

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದುದು ಎಲ್ಲಿಗೆಂದು ಬಲ್ಲಿರಾ? ಮೈಸೂರಿಗಲ್ಲ, ಬೆಂಗಳೂರಿಗಲ್ಲ; 92 ಮೈಲಿ ಆಚೆಯ ಕೋಲಾರದ ಚಿನ್ನದ ಗಣಿಗಳಿಗೆ. ಕೊಳ್ಳುವ ಕರಾರು ಅವರದಾಗಿತ್ತು. ಬೆಂಗಳೂರಿನ ಬೀದಿಗೆ ದೀಪ ಬಂದುದು 1905ರಲ್ಲಿ. 1894ರಿಂದಲೇ ಆ ನಗರಕ್ಕೆ ನೀರುಣಿಸಿದ ಹೆಸರಘಟ್ಟದಂಥ ಹಳ್ಳಿಗಳವರನ್ನು ಬೆಳಕು ಯಾರಿಗೆ ಮೊದಲು ಎಂದು ಕೇಳಿದವರಿಲ್ಲ. ಅವರಲ್ಲಿ ಬಹುಮಂದಿಗೆ ಮತವೇ ಇರಲಿಲ್ಲ.

ಮತ ಬಂದ ಮೇಲೆ ಕೇಳುವವರೂ ಬಂದರು. 2023ರ ಚುನಾವಣೆಗೆ ಮುನ್ನ ಕಾಂಗ್ರೆಸ್ಸು ಮನೆಗೆ ತಿಂಗಳಿಗೆ 200 ಯೂನಿಟ್ ಉಚಿತವೆಂದು ಸಾರಿತು. 224ರಲ್ಲಿ 135 ಸ್ಥಾನ ಗೆದ್ದಿತು. ವಿದ್ಯುತ್ತೇ ಗೆಲ್ಲಿಸಿತೆನ್ನೋಣವೇ? ವಾಗ್ದಾನ ಎಲ್ಲರಿಗೂ ಒಂದೇ, ಮತವಾದರೋ ಸೀಮೆಗೊಂದು ಬಗೆ. ಬಳ್ಳಾರಿಯ ಐದೂ, ಚಿಕ್ಕಮಗಳೂರಿನ ಐದೂ ಸ್ಥಾನಗಳು ಕಾಂಗ್ರೆಸ್ಸಿಗೆ. ಘಟ್ಟದ ಕೆಳಗೆ ಉಡುಪಿಯ ಐದೂ ಬಿಜೆಪಿಗೆ. ಹೆಸರಘಟ್ಟ ಸೇರಿದ ಯಲಹಂಕವೂ ಬಿಜೆಪಿಯನ್ನೇ ಆರಿಸಿತು.

ಇದು ನಮ್ಮಲ್ಲಷ್ಟೇ ಅಲ್ಲ. ಅಮೆರಿಕದ ಅಯೋವಾ ಮೆಕ್ಕೆಜೋಳದ ಸೀಮೆ. ಅದರಿಂದ ತೆಗೆದ ಎಥನಾಲನ್ನು ಪೆಟ್ರೋಲಿಗೆ ಬೆರೆಸುವ ಕಾನೂನು ಅಲ್ಲಿನ ರೈತನಿಗೆ ಅನ್ನ. ಆದರೂ 2016ರಲ್ಲಿ ರಿಪಬ್ಲಿಕನ್ ಪಕ್ಷದ ಅಧ್ಯಕ್ಷಾಭ್ಯರ್ಥಿಯ ಆಯ್ಕೆಯ ಮೊದಲ ಸುತ್ತಿನಲ್ಲಿ, ಆ ಕಟ್ಟಳೆಯನ್ನು ವಿರೋಧಿಸಿದ ಟೆಡ್ ಕ್ರೂಜರೇ ಅಲ್ಲಿ ಗೆದ್ದರು. ಲಾಭವನ್ನು ಬಲ್ಲವನೂ ಜಾತಿ, ಧರ್ಮ, ಹಳೆಯ ನಿಷ್ಠೆಗಳನ್ನು ಮನೆಯಲ್ಲಿ ಬಿಟ್ಟು ಮತಗಟ್ಟೆಗೆ ಹೋಗುವುದಿಲ್ಲ.

‘ಗೃಹಜ್ಯೋತಿ’ 2023ರ ಜುಲೈಯಲ್ಲಿ ಜಾರಿಗೆ ಬಂದಿತು, ಉಡುಪಿಗೂ ಬಳ್ಳಾರಿಗೂ ಒಂದೇ ದಿನ. ಆದರೆ ಎಲ್ಲರಿಗೂ ಇಡೀ 200 ಅಲ್ಲ. ಆರಂಭದ ಕಟ್ಟಳೆಯಂತೆ, ಆ ಮಿತಿಯೊಳಗೆ ಹಿಂದಿನ ವರ್ಷದ ಸರಾಸರಿ ಬಳಕೆ, ಅದರ ಮೇಲೆ ಶೇಕಡ 10. ಇನ್ನೂರನ್ನೇ ನಂಬಿ ಹೊಸ ಗೀಸರು ಕೊಂಡವರು ಬಿಲ್ಲನ್ನು ಎರಡು ಸಲ ಓದಬೇಕಾಯಿತು.