ಪಾಪ್ವಾ: ಹೊರಗೆ ನಿಂತ ವಿಜೇತ

ಗಾಲ್ಫ್ ಆಟವೆಂದೊಡನೆ ನಮ್ಮ ಪೇಟೆಯ ಜನರ ಕಣ್ಣ ಮುಂದೆ ಬರುವುದು ವಿಶಾಲವಾದ ಹಸುರು ಬಯಲು, ಅಲ್ಲಿ ನಿಧಾನವಾಗಿ ಹೆಜ್ಜೆಯಿಡುವ ದೊಡ್ಡ ಮನುಷ್ಯರು, ಅವರ ಹಿಂದೆ ಕೋಲುಗಳ ಚೀಲವನ್ನು ಹೆಗಲಿಗೇರಿಸಿಕೊಂಡು ನಡೆಯುವ ಹುಡುಗ. ಈ ಆಟ ನಮ್ಮಲ್ಲಿಗೆ ಬಂದು ಬಹಳ ಕಾಲವಾಯಿತು. ಕಲ್ಕತ್ತೆಯ ಗಾಲ್ಫ್ ಕ್ಲಬ್ಬು ೧೮೨೯ರದು, ಬೆಂಗಳೂರಿನದು ೧೮೭೬ರದು. ಆದರೂ ಅದರ ರೀತಿನೀತಿ ಬಲ್ಲವರು ಸ್ವಲ್ಪ ಮಂದಿ. ಆಟದ ತತ್ತ್ವವೇನೋ ಸರಳವಾದದ್ದೇ. ಬಯಲಿನಲ್ಲಿ ದೂರದೂರಕ್ಕೆ ಹದಿನೆಂಟು ಕುಳಿಗಳಿರುತ್ತವೆ. ಸಣ್ಣ ಚೆಂಡನ್ನು ಕೋಲಿನಿಂದ ಹೊಡೆಯುತ್ತ ಒಂದೊಂದೇ ಕುಳಿಗೆ ಬೀಳಿಸುತ್ತ ಹೋಗಬೇಕು. ಯಾರ ಹೊಡೆತಗಳ ಲೆಕ್ಕ ಎಲ್ಲರಿಗಿಂತ ಕಡಮೆಯೋ ಅವನಿಗೆ ಗೆಲವು.

ಚೀಲ ಹೊರುವ ಹುಡುಗನಿಗೆ ಕ್ಯಾಡಿ ಎಂದು ಹೆಸರು. ಕ್ಯಾಡಿಗಳೇ ಬೆಳೆದು ಹೆಸರಾಂತ ವೃತ್ತಿ ಆಟಗಾರರಾದದ್ದು ಹೊಸ ಸಂಗತಿಯೇನಲ್ಲ. ಅಮೆರಿಕೆಯ ಜೀನ್ ಸರಾಜೆನ್, ಬೆನ್ ಹೋಗನ್ ಇಬ್ಬರೂ ಹಾಗೆ ಮೇಲೆ ಬಂದವರೇ. ಈಗ ನಾನು ಹೇಳಹೊರಟಿರುವವನೂ ಕ್ಯಾಡಿಯೇ. ಆದರೆ ಅವನು ಹುಟ್ಟಿದ್ದು ದಕ್ಷಿಣ ಆಫ್ರಿಕದ ಡರ್ಬನ್ ನಗರದಲ್ಲಿ, ಭಾರತೀಯ ಕೂಲಿಯಾಳುಗಳ ಸಂತತಿಯಲ್ಲಿ. ಆದ್ದರಿಂದ ಅವನ ಕಥೆ ಬೇರೆಯೇ ಆಯಿತು.

ಅವನ ಹೆಸರನ್ನು ಅಲ್ಲಿಯ ಕಾಗದಪತ್ರಗಳಲ್ಲಿ ‘ಸ್ಯೂಸಂಕರ್ ಸ್ಯೂಗೋಲಂ’ ಎಂದು ಬರೆದರು. ಎರಡು ಸಲ ಓದಿಕೊಂಡರೆ ಒಳಗಿನ ಶಬ್ದ ತಾನಾಗಿ ಹೊರಬೀಳುತ್ತದೆ. ಮೊದಲನೆಯದು ನಮ್ಮ ಶಿವಶಂಕರ. ಎರಡನೆಯದು ಶಿವಗುಲಾಮ, ಅಂದರೆ ಶಿವದಾಸ, ಎಂದೇ ನನಗೆ ತೋರುತ್ತದೆ. ಉತ್ತರ ಹಿಂದೂಸ್ಥಾನದ ಹಳ್ಳಿಗರ ಉಚ್ಚಾರಣೆಯನ್ನು ಆಂಗ್ಲ ಗುಮಾಸ್ತೆಯ ಲೇಖನಿ ಹೇಗೆ ಹಿಡಿಯಿತೋ ಹಾಗೆ ಆ ಹೆಸರುಗಳು ನಿಂತುಬಿಟ್ಟವು. ನೇಟಾಲಿನ ಕಬ್ಬಿನ ತೋಟಗಳಿಗೆ ಆಳುಗಳನ್ನು ಹೊತ್ತ ಮೊದಲ ಹಡಗು ‘ಟ್ರೂರೊ’ ಮದರಾಸಿನಿಂದ ಹೊರಟು ೧೮೬೦ರ ನವೆಂಬರಿನಲ್ಲಿ ಡರ್ಬನ್ ಸೇರಿತು. ಅಲ್ಲಿಂದ ೧೯೧೧ರವರೆಗೆ ಹೋದವರು ಒಂದೂವರೆ ಲಕ್ಷಕ್ಕೂ ಹೆಚ್ಚು. ಇವರು ಹೆಬ್ಬೆಟ್ಟೊತ್ತಿದ ‘ಅಗ್ರಿಮೆಂಟ್’ ಎಂಬ ಕರಾರು ಅವರ ಬಾಯಲ್ಲಿ ‘ಗಿರ್ಮಿಟ್’ ಆಯಿತು. ನಮ್ಮ ಹುಬ್ಬಳ್ಳಿಯ ಗಿರ್ಮಿಟ್ಟನ್ನು ಯಾರೂ ಇಲ್ಲಿ ನೆನೆಯಬೇಕಾಗಿಲ್ಲ. ಇದು ಕಹಿಯಾದ ಗಿರ್ಮಿಟ್ಟು.

ಮನೆಯವರೂ ಗೆಳೆಯರೂ ಪಾಪ್ವಾ ಎಂದು ಕರೆಯುತ್ತಿದ್ದ ಈ ಹುಡುಗ ಶಾಲೆಯ ಓದು ಕಾಣಲಿಲ್ಲ. ಡರ್ಬನ್ನಿನ ಉತ್ತರಕ್ಕಿರುವ ಬೀಚ್‌ವುಡ್ ಮೈದಾನದಲ್ಲಿ ಬಿಳಿಯ ಆಟಗಾರರ ಚೀಲ ಹೊತ್ತ. ಕೊಂಬೆ ಕಡಿದು ಮಾಡಿಕೊಂಡ ಕೋಲಿನಿಂದ ತಾನೇ ಆಟವನ್ನು ಅಭ್ಯಾಸ ಮಾಡಿದ. ಹೇಳಿಕೊಡುವ ಗುರು ಇರಲಿಲ್ಲ. ಅದರಿಂದಲೇ ಒಂದು ವಿಚಿತ್ರ ಹುಟ್ಟಿತು. ಬಲಗೈ ಆಟಗಾರರು ಕೋಲಿನ ಹಿಡಿಯಲ್ಲಿ ಎಡಗೈಯನ್ನು ಮೇಲಿಟ್ಟು ಬಲಗೈಯನ್ನು ಅದರ ಕೆಳಗೆ ಹಿಡಿಯುವುದು ಶಾಸ್ತ್ರ. ಪಾಪ್ವಾ ಇದನ್ನು ತಿರುವುಮುರುವು ಮಾಡಿ ಬಲಗೈ ಮೇಲೆ, ಎಡಗೈ ಕೆಳಗೆ ಹಿಡಿದ. ಪುಸ್ತಕ ಓದಿ ಆಡುವವರಿಗೆ ಇದು ಕಾಗುಣಿತದ ತಪ್ಪಿನಂತೆ ಕಂಡಿರಬೇಕು. ಆದರೆ ಚೆಂಡು ಮಾತ್ರ ನೇರವಾಗಿ ಹೋಯಿತು! ವ್ಯಾಕರಣ ಕಲಿಯದವನೂ ಒಳ್ಳೆಯ ಮಾತಾಡಬಲ್ಲನೆಂಬುದನ್ನು ವ್ಯಾಕರಣ ಕಲಿಸುವ ನಾನೇ ಒಪ್ಪಿಕೊಳ್ಳಬೇಕಾಗುತ್ತದೆ.

ಚೀಲ ಹೊತ್ತು ಆ ಬಯಲಿನ ಪ್ರತಿಯೊಂದು ಗಜವನ್ನೂ ತುಳಿಯಬಹುದಿತ್ತು. ಅದೇ ಬಯಲಿನ ಸ್ಪರ್ಧೆಯಲ್ಲಿ ಕೋಲು ಹಿಡಿದು ನಿಲ್ಲುವಂತಿರಲಿಲ್ಲ. ಬಿಳಿಯರಿಗೆ ಬೇರೆ ಪಂದ್ಯ, ಉಳಿದವರಿಗೆ ಬೇರೆ ಪಂದ್ಯ. ಆ ಉಳಿದವರ ಪಂದ್ಯಗಳಲ್ಲಿ ಪಾಪ್ವಾ ಮತ್ತೆ ಮತ್ತೆ ಗೆದ್ದ. ೧೯೪೮ರಲ್ಲಿ ಅಧಿಕಾರಕ್ಕೆ ಬಂದ ಸರಕಾರ ವರ್ಣಭೇದವನ್ನೇ ರಾಜ್ಯದ ಧರ್ಮವನ್ನಾಗಿ ಮಾಡಿ, ೧೯೫೦ರಲ್ಲಿ ಯಾವ ಬಣ್ಣದವರು ಯಾವ ಕೇರಿಯಲ್ಲಿರಬೇಕೆಂದು ಕಾಯಿದೆ ಹಾಕಿದ ಕಾಲವದು.

ಡರ್ಬನ್ನಿನ ಗ್ರಹಾಂ ವುಲ್ಫ್ ಎಂಬ ರಸಾಯನಶಾಸ್ತ್ರಜ್ಞ, ‘ಆಯಿಲ್ ಆಫ್ ಓಲೇ’ ಎಂಬ ಮುಖಕ್ಕೆ ಹಚ್ಚುವ ಲೇಪನವನ್ನು ಕಂಡುಹಿಡಿದವನು, ಈ ಕ್ಯಾಡಿಯ ಕೈಚಳಕವನ್ನು ಗುರುತಿಸಿದ. ಅವನೂ ಬಿಳಿಯನೇ ಎಂಬುದನ್ನು ಇಲ್ಲಿ ಹೇಳದಿದ್ದರೆ ನ್ಯಾಯವಾಗದು. ಅವನ ನೆರವಿನಿಂದ ಪಾಪ್ವಾ ೧೯೫೯ರಲ್ಲಿ ಯೂರೋಪಿಗೆ ಹೋದ. ಓದುಬರಹ ಬಾರದವನು, ಪರದೇಶ, ಪರಭಾಷೆ. ಹಾಲೆಂಡಿನ ರಾಷ್ಟ್ರೀಯ ಸ್ಪರ್ಧೆಯಾದ ಡಚ್ ಓಪನ್ನಿನಲ್ಲಿ ಆಡಿ ಅದನ್ನು ಗೆದ್ದುಬಿಟ್ಟ! ಅದೇ ಬೇಸಗೆಯಲ್ಲಿ ದಕ್ಷಿಣ ಆಫ್ರಿಕದ ಇನ್ನೊಬ್ಬ ತರುಣ, ಬಿಳಿಯನಾದ ಗ್ಯಾರಿ ಪ್ಲೇಯರ್, ಸ್ಕಾಟ್ಲೆಂಡಿನ ಮ್ಯೂರ್‌ಫೀಲ್ಡಿನಲ್ಲಿ ಬ್ರಿಟಿಷ್ ಓಪನ್ ಗೆದ್ದ. ಒಂದೇ ದೇಶದ ಇಬ್ಬರು. ಊರಿಗೆ ಮರಳಿದ ಮೇಲೆ ಒಬ್ಬನಿಗೆ ಎಲ್ಲ ಮೈದಾನಗಳೂ ತೆರೆದಿದ್ದವು, ಇನ್ನೊಬ್ಬನಿಗೆ ಮುಚ್ಚಿದ್ದವು. ೧೯೬೦ರಲ್ಲಿ ಪಾಪ್ವಾ ಡಚ್ ಓಪನ್ನನ್ನು ಎರಡನೆಯ ಸಲ ಗೆದ್ದ. ಶಾರ್ಪ್‌ವಿಲ್ಲಿನಲ್ಲಿ ಪೊಲೀಸರ ಗುಂಡಿಗೆ ೬೯ ಮಂದಿ ಬಲಿಯಾದದ್ದೂ ಆ ವರ್ಷವೇ.

೧೯೬೩ರಲ್ಲಿ ನೇಟಾಲ್ ಓಪನ್ ಸ್ಪರ್ಧೆ ಡರ್ಬನ್ ಕಂಟ್ರಿ ಕ್ಲಬ್ಬಿನಲ್ಲಿ ನಡೆಯಿತು. ಬಿಳಿಯ ವೃತ್ತಿ ಆಟಗಾರರ ನಡುವೆ ಪಾಪ್ವಾನಿಗೂ ಆಡಲು ಅವಕಾಶ ದೊರೆಯಿತು. ಬಯಲಿನಲ್ಲಿ ಆಡಬಹುದು, ಆದರೆ ಕ್ಲಬ್ಬಿನ ಕಟ್ಟಡದೊಳಗೆ ಕಾಲಿಡುವಂತಿಲ್ಲ. ಉಡುಪು ಬದಲಾಯಿಸುವುದೂ ಊಟ ಮಾಡುವುದೂ ಹೊರಗೇ ಆಗಬೇಕು. ಆ ಕಾನೂನಿನ ಸೂಕ್ಷ್ಮವನ್ನು ಗಮನಿಸಬೇಕು. ತಟ್ಟೆ ಹಿಡಿದು ಬಡಿಸುವ ಆಳಾಗಿ ಭಾರತೀಯನು ಇಂಥ ಕಟ್ಟಡಗಳ ಒಳಗಿರಬಹುದಿತ್ತು. ಅದೇ ಮೇಜಿನ ಮುಂದೆ ಅತಿಥಿಯಾಗಿ ಕೂರುವುದು ಅಪರಾಧವಾಗುತ್ತಿತ್ತು. ಮುಟ್ಟಬಾರದು, ಒಳಗೆ ಬರಬಾರದು ಎಂಬ ಮಾತುಗಳನ್ನು ನಮ್ಮ ಊರುಗಳಲ್ಲೂ ಕೇಳಿ ಬಲ್ಲ ನಾವು ಇದನ್ನು ಬರಿಯ ಪರದೇಶದ ದುಷ್ಟತನವೆಂದು ಓದಿ ಮುಗಿಸುವುದು ಕಷ್ಟ.

ಪಾಪ್ವಾ ಗೆದ್ದ. ಬಹುಮಾನ ಹಂಚುವ ಹೊತ್ತಿಗೆ ಮಳೆ ಬಂತು. ಬಿಳಿಯರು ಕಟ್ಟಡದೊಳಗೆ ಬೆಚ್ಚಗಿದ್ದರು. ಗೆದ್ದವನು ಮಳೆಯಲ್ಲಿ ಹೊರಗೆ ನಿಂತು ಬಹುಮಾನದ ಬಟ್ಟಲನ್ನು ಸ್ವೀಕರಿಸಿದ. ಆ ನೋಟದ ಛಾಯಾಚಿತ್ರ ಲೋಕದ ಪತ್ರಿಕೆಗಳಿಗೆಲ್ಲ ಹೋಯಿತು. ಗ್ರಂಥಗಳು, ಭಾಷಣಗಳು ವರ್ಷಗಟ್ಟಲೆ ವಿವರಿಸುತ್ತಿದ್ದುದನ್ನು ಒಂದು ಚಿತ್ರ ತಿಳಿಸಿತು. ದಕ್ಷಿಣ ಆಫ್ರಿಕದ ಭಾರತೀಯರ ಸ್ಥಿತಿಯನ್ನು ೧೯೪೬ರಲ್ಲೇ ವಿಶ್ವಸಂಸ್ಥೆಯ ಮುಂದಿಟ್ಟು, ಆ ದೇಶದೊಡನೆ ವ್ಯಾಪಾರವನ್ನೂ ಕಡಿದುಕೊಂಡಿದ್ದ ಭಾರತಕ್ಕೆ ಇದರಲ್ಲಿ ಆಶ್ಚರ್ಯಪಡುವಂಥದೇನೂ ಇರಲಿಲ್ಲ. ಬೇರೆ ದೇಶಗಳ ಕ್ರೀಡಾಭಿಮಾನಿಗಳಿಗಾದರೋ ಕಣ್ಣು ತೆರೆಸುವಂಥ ಚಿತ್ರವೇ ಅದು. ಮರುವರ್ಷ, ೧೯೬೪ರಲ್ಲಿ, ಟೋಕಿಯೊ ಒಲಿಂಪಿಕ್ ಕೂಟಕ್ಕೆ ದಕ್ಷಿಣ ಆಫ್ರಿಕಕ್ಕೆ ಕೊಟ್ಟಿದ್ದ ಆಹ್ವಾನವನ್ನು ಹಿಂತೆಗೆದುಕೊಂಡರು. ಅದಕ್ಕೆ ಈ ಚಿತ್ರವೊಂದೇ ಕಾರಣವಲ್ಲ. ಹೊರಗಿಡಬೇಕೆಂಬ ಚಳವಳಿ ಮೊದಲೇ ಎದ್ದಿತ್ತು.

ಪಾಪ್ವಾನಾದರೋ ಚಳವಳಿಯವನಲ್ಲ. ಭಾಷಣ ಮಾಡಲಿಲ್ಲ, ಹೇಳಿಕೆ ಕೊಡಲಿಲ್ಲ. ಆಡುವುದೊಂದೇ ಅವನಿಗೆ ಗೊತ್ತಿದ್ದ ಕೆಲಸ, ಸಂಸಾರ ನಡೆಯಬೇಕಾದದ್ದೂ ಅದರಿಂದಲೇ. ೧೯೬೩ರ ಬ್ರಿಟಿಷ್ ಓಪನ್ನಿನಲ್ಲಿ ಹದಿಮೂರನೆಯ ಸ್ಥಾನವನ್ನು ಹಂಚಿಕೊಂಡ. ೧೯೬೪ರಲ್ಲಿ ಡಚ್ ಓಪನ್ನನ್ನು ಮೂರನೆಯ ಸಲ ಗೆದ್ದ. ೧೯೬೫ರಲ್ಲಿ ನೇಟಾಲ್ ಓಪನ್ನನ್ನು ಮತ್ತೆ ಗೆದ್ದ; ಈ ಸಲ ಸೋತವರಲ್ಲಿ ಗ್ಯಾರಿ ಪ್ಲೇಯರನೂ ಇದ್ದ. ಪ್ಲೇಯರ್ ಆಗ ಎಂಥ ಎತ್ತರದಲ್ಲಿದ್ದನೆಂದರೆ, ಅದೇ ವರ್ಷ ಅಮೆರಿಕದ ಓಪನ್ನನ್ನು ಗೆದ್ದು, ನಾಲ್ಕು ಮಹಾಸ್ಪರ್ಧೆಗಳನ್ನೂ ಜಯಿಸಿದ ಮೂರನೆಯ ಆಟಗಾರನಾದ. ಮೊದಲಿಬ್ಬರು ಆಗಲೇ ಹೇಳಿದ ಸರಾಜೆನ್ ಮತ್ತು ಹೋಗನ್. ಅಂಥವನಿದ್ದ ಪಂದ್ಯವನ್ನು ಕೈ ತಿರುಗಿಸಿ ಹಿಡಿಯುವ ಕ್ಯಾಡಿ ಗೆದ್ದದ್ದು.

ಇನ್ನು ಬಿಟ್ಟರೆ ಅಪಾಯವೆಂದು ಸರಕಾರಕ್ಕೆ ತೋರಿರಬೇಕು. ೧೯೬೬ರಿಂದ ದೇಶದ ದೊಡ್ಡ ಪಂದ್ಯಗಳಲ್ಲಿ ಆಡಲು ಪಾಪ್ವಾನಿಗೆ ಅನುಮತಿ ದೊರೆಯಲಿಲ್ಲ. ಹೊರದೇಶಕ್ಕೆ ಹೋಗೋಣವೆಂದರೆ ಪಾಸ್‌ಪೋರ್ಟನ್ನೂ ಕಸಿದುಕೊಂಡರು. ಆಟಗಾರನ ಮೈ ಹದವಾಗಿರುವ ವರ್ಷಗಳು ಎಷ್ಟಿರುತ್ತವೆ? ಮೂವತ್ತರಿಂದ ನಲವತ್ತೈದರವರೆಗೆ ಎಂದಿಟ್ಟುಕೊಳ್ಳೋಣ. ಅದರ ಬಹುಭಾಗ ಹೀಗೆ ಹೋಯಿತು. ಕೋರ್ಟಿಲ್ಲ, ವಿಚಾರಣೆಯಿಲ್ಲ, ಸೆರೆಮನೆಯೂ ಇಲ್ಲ. ಬರಿಯ ‘ಅನುಮತಿ ಇಲ್ಲ’ ಎಂಬ ಮಾತು. ೧೯೭೧ರಲ್ಲಿ ಅಮೆರಿಕೆಯ ಕರಿಯ ಆಟಗಾರ ಲೀ ಎಲ್ಡರ್, ಪ್ಲೇಯರನ ಆಹ್ವಾನದ ಮೇಲೆ ಬಂದು ಆ ದೇಶದಲ್ಲಿ ಆಡಿದ. ಪಾಪ್ವಾ ೧೯೭೮ರಲ್ಲಿ, ಐವತ್ತು ತುಂಬುವ ಮೊದಲೇ, ಬಡತನದಲ್ಲಿ ತೀರಿಕೊಂಡ.

ತಾರುಣ್ಯದಲ್ಲಿ, ೧೯೬೬ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ, ಸರಕಾರದ ನೀತಿಯನ್ನು ಸಮರ್ಥಿಸಿದ್ದ ಪ್ಲೇಯರ್ ಮುಂದೆ ಅದನ್ನು ಬಿಟ್ಟು ವರ್ಣಭೇದವನ್ನು ಖಂಡಿಸಿದ. ೧೯೯೪ರಲ್ಲಿ ಎಲ್ಲ ಬಣ್ಣದವರೂ ಮತ ಹಾಕಿ ಹೊಸ ಸರಕಾರವನ್ನು ಆರಿಸಿದರು. ಡರ್ಬನ್ನಿನಲ್ಲಿ ಉಮ್ಗೇನಿ ನದಿಯ ಬಳಿ ನಗರಸಭೆಯ ಗಾಲ್ಫ್ ಮೈದಾನವೊಂದಿದೆ. ಅದಕ್ಕೆ ಪಾಪ್ವಾ ಸ್ಯೂಗೋಲಂ ಮೈದಾನವೆಂದು ಹೆಸರು.